ತನ್ನನ್ನು ನಿರಾಕರಿಸುವುದೂ ತನ್ನನ್ನು ಹಳಿಯುವುದೂ: ನನ್ನ ಅನುಭವ

ನಾನು ಪಾಪವನ್ನು ಕಾಯಿಲೆಯೆಂದು ಕರೆಯುತ್ತಿದ್ದೇನೆ ಎಂದು ಹಿರಿಯ ಸಭಾಪಾಲಕರೊಬ್ಬರು ಆಕ್ಷೇಪಿಸಿದ್ದರು. ಪಾಪದ ಮಾತೇ ಕಾಯಿಲೆಯ ಬೇರು ಎಂದು ನನಗೆ ಮನಶ್ಶಾಸ್ತ್ರ ಕಲಿಸಿದವರು ನಕ್ಕಿದ್ದರು. ಬೀದರಿನಲ್ಲಿ ಏಳೆಂಟು ವರ್ಷ ಕ್ರೈಸ್ತ ಸಭೆಯ ಹೆಂಗಸರಿಗೆ ಆಪ್ತಸಮಾಲೋಚನೆ ನಡೆಸಿ, ಪಾಪದ ಮಾತು, ಮನಶ್ಶಾಸ್ತ್ರ ಎರಡನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಕೂಡಿಸಿದ ಮೇಲೆ ನನ್ನ ಕೆಲಸ ಕೈಹಿಡಿಯಿತು.

ಮೊದಲು ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರ ಪದ್ಧತಿಯ ಆಲೋಚನಾ ದಾಖಲೆಯನ್ನು, ಅಂದರೆ ಕಾಡುವ ಆಲೋಚನೆಯನ್ನು ಬರೆದು, ಅದನ್ನು ಎಷ್ಟು ನಂಬುತ್ತೇವೆ, ಅದಕ್ಕೆ ಪುರಾವೆ ಏನು ಎಂದು ತೂಗುವ ಹಾಳೆಯನ್ನು, ಏಳು ಅಂಕಣಗಳ ಸಮೇತ ಕನ್ನಡಕ್ಕೆ ಇಳಿಸಿ, 500 ಪ್ರತಿ ಅಚ್ಚು ಹಾಕಿಸಿದೆ. ಸುಮಾರು 2,500 ರೂಪಾಯಿ ಹೋಯಿತು, ತುಂಬಿ ಬಂದ ಹಾಳೆಗಳು ಹನ್ನೆರಡೋ ಹದಿಮೂರೋ. ಭಾಲ್ಕಿ ಕಡೆಯ ತಾಯಿಯೊಬ್ಬರು 'ನಾನು ಕೆಟ್ಟವಳು' ಎಂಬ ಆಲೋಚನೆಯ ಪಕ್ಕದಲ್ಲಿ, 'ನಂಬಿಕೆ ಶೇಕಡಾ ಎಷ್ಟು' ಎಂಬಲ್ಲಿ 100 ಎಂದು ಬರೆದಿದ್ದರು. ನಂಬಿಕೆಯೆಂದರೆ ಯೇಸುವಿನ ಮೇಲಿನದು, ಕಡಿಮೆ ಬರೆಯುವುದು ಹೇಗೆ ಎಂದು ಅವರು ಕೇಳಿದಾಗ ತಪ್ಪು ನನ್ನದೇ ಎಂದು ತಿಳಿಯಿತು.

ಆಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರಂತೆ, ತೀರ್ಪು ಕೊಡದೆ ಕೇಳಿಸಿಕೊಳ್ಳುತ್ತ ಕೂತೆ. ರೋಜರ್ಸ್ ಮನಶ್ಶಾಸ್ತ್ರಕ್ಕೆ ಬರುವ ಮುಂಚೆ ನ್ಯೂಯಾರ್ಕಿನ ಯೂನಿಯನ್ ಸೆಮಿನರಿ ಎಂಬ ದೇವಶಾಸ್ತ್ರದ ಶಾಲೆಯಲ್ಲಿ ಎರಡು ವರ್ಷ ಓದಿದವರು, ಹಾಗಾಗಿ ನಮ್ಮವರಿಗೆ ಒಗ್ಗುತ್ತದೆಂದು ಭಾವಿಸಿದ್ದೆ. ಅದೇ ತಾಯಿ ಅರ್ಧ ಗಂಟೆ ಮಾತಾಡಿ, "ಅಕ್ಕೋರೆ, ನೀವೇನೂ ಅನ್ಲಿಲ್ಲಲ್ರಿ, ನಂದು ಅಷ್ಟು ದೊಡ್ಡ ಪಾಪ ಏನ್ರಿ?" ಎಂದರು.

ಈಗ 20 ರೂಪಾಯಿಯ ನೋಟ್‌ಬುಕ್ಕು, ನಡುವೆ ಒಂದು ಗೆರೆ, ಅಷ್ಟೇ. ಎಡಕ್ಕೆ ಮನಸ್ಸು ಆಡುವ ಮಾತು, ಬಲಕ್ಕೆ ಆ ಮನಸ್ಸನ್ನೇ 'ನೀನು' ಎಂದು ಕರೆದು ಕೇಳುವ ಪ್ರಶ್ನೆ. ಬೈಬಲಿನ 42ನೆಯ ಕೀರ್ತನೆಯಲ್ಲಿ ಕೀರ್ತನಕಾರನು ತನ್ನ ಮನಸ್ಸನ್ನೇ ಏಕೆ ಕುಗ್ಗಿದ್ದೀಯೆ ಎಂದು ಕೇಳುತ್ತಾನಲ್ಲ, ಅದನ್ನು ಬಾಯಿಪಾಠ ಬಲ್ಲವರಿಗೆ ಆಲೋಚನೆಯಿಂದ ದೂರ ನಿಂತು ನೋಡುವುದನ್ನು ಬೇರೆ ಕಲಿಸಬೇಕಾಗಲಿಲ್ಲ. ಆದರೆ ಪುರಾವೆ ತೂಗಿದರೆ ಸಾಕು ಎಂಬಲ್ಲಿ ನಾನು ಬೆಕ್ ಅವರನ್ನು ಬಿಡುತ್ತೇನೆ, ಏಕೆಂದರೆ ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದ ಪೌಲನಿಗೆ ಒಳ್ಳೆಯದು ಯಾವುದೆಂದು ಗೊತ್ತಿದ್ದೂ ಮಾಡಲಾಗುವುದಿಲ್ಲ. ಆದ್ದರಿಂದ ಪ್ರತಿ ಸಾಲಿಗೂ, ಯಾರಿಗೆ, ಯಾವಾಗ, ಏನು ಅನ್ಯಾಯ ಮಾಡಿದಿರಿ ಎಂದು ಕೇಳುತ್ತೇನೆ. ನಾದಿನಿಯಿಂದ ಪಡೆದ 400 ರೂಪಾಯಿ ಮುಚ್ಚಿಟ್ಟದ್ದಕ್ಕೆ ಆ ತಾಯಿಯ ಬಳಿ ಉತ್ತರವಿತ್ತು. ಹಣ ಹಿಂತಿರುಗಿಸಿದ್ದಾಯಿತು, ತಪ್ಪಿನ ಅರಿಕೆಯೂ ಆಯಿತು. ಗಂಡನ ಕುಡಿತ ತನಗೆ ಬಂದ ಶಿಕ್ಷೆ ಎಂಬ ಸಾಲಿಗೆ ಯಾವ ಉತ್ತರವೂ ಇರಲಿಲ್ಲ. ಅದು ಪಾಪವಲ್ಲ, ಬರೀ ಹಳಿದುಕೊಳ್ಳುವುದು. ಮಾರ್ಕನ ಸುವಾರ್ತೆ 8:34ರಲ್ಲಿ, ಯೇಸುವನ್ನು ಹಿಂಬಾಲಿಸುವವನು ತನ್ನನ್ನು ನಿರಾಕರಿಸಬೇಕೆಂದಿದೆಯೇ ಹೊರತು ಹಳಿದುಕೊಳ್ಳಬೇಕೆಂದಿಲ್ಲ.

ಬಲಗಡೆಯ ಮಾತನ್ನು ಮೊಬೈಲಿನಲ್ಲಿ ದನಿಮುದ್ರಿಸಿ ಕೇಳಿಸುವುದನ್ನೂ ಮಾಡಿ ನೋಡಿದೆ, ಮನೆಯವರ ಕಿವಿಗೆ ಬಿದ್ದು ಮೂವರು ಬರುವುದನ್ನೇ ಬಿಟ್ಟರು. ಊಟ ನಿದ್ದೆ ಕೆಟ್ಟವರನ್ನು ಮೊದಲು ಮನೋವೈದ್ಯರಲ್ಲಿಗೆ ಕಳಿಸುತ್ತೇನೆ. ಮೊದಲ ದಿನ ಗೆರೆ ಎಳೆಯುವ ಮುನ್ನ ಕೇಳುವ ಪ್ರಶ್ನೆಯೊಂದಿದೆ, ಅದನ್ನು ಎದುರು ಬಂದು ಕೂತವರಿಗೆ ಮಾತ್ರ ಹೇಳುವೆ.

ನಲವತ್ತು ಜನರಲ್ಲಿ ಮೂವತ್ತರ ಹತ್ತಿರ ಜನ ಕೊನೆಯ ಪುಟದವರೆಗೆ ಬರೆದಿದ್ದಾರೆ. ಆಕ್ಷೇಪಿಸಿದ ಸಭಾಪಾಲಕರೇ ಮೊನ್ನೆ ಇಬ್ಬರನ್ನು ಕಳಿಸಿದರು, ನೋಟ್‌ಬುಕ್ಕಿನ ದುಡ್ಡಿನ ಸಮೇತ.