ದಾವಣಗೆರೆ ಬೆಣ್ಣೆಯ ಜಾಮ್ ಕುಕ್ಕೀಸ್: ಹದ ಸಿಕ್ಕಿದ್ದು ನೀರು ಹಿಂಡಿದ ಮೇಲೆ

ನಮ್ಮ ಮಹಡಿ ಮನೆಯವರು ಪ್ರತಿ ಕ್ರಿಸ್ಮಸ್‌ಗೂ ಒಂದು ದೊಡ್ಡ ಸ್ಟೀಲ್ ತಟ್ಟೆ ತುಂಬ ಕಲ್ಕಲ್, ಗುಲಾಬಿ ಹೂವು, ಪ್ಲಮ್ ಕೇಕು ಕಳಿಸುತ್ತಾರೆ. ಬಂದ ತಟ್ಟೆ ಖಾಲಿ ವಾಪಸ್ ಹೋಗಬಾರದು ಅಂತ ನಮ್ಮತ್ತೆ. ಮೊದಲೆಲ್ಲ ಸಕ್ಕರೆಯನ್ನೋ ನಾಲ್ಕು ಬಾಳೆಹಣ್ಣನ್ನೋ ಇಟ್ಟು ಕೊಡುತ್ತಿದ್ದೆವು. ಅವರು ವಾರಗಟ್ಟಲೆ ಕೂತು ಮಾಡಿ ಕಳಿಸುತ್ತಾರೆ, ನಾವೂ ಕೈಯಾರೆ ಏನಾದರೂ ಮಾಡಿ ಕೊಡಬೇಕು ಅಂತ ನನಗೆ ಬಹಳ ಅನ್ನಿಸುತ್ತಿತ್ತು. ಮೂರು ವರ್ಷದ ಹಿಂದೆ ಓಟಿಜಿ (ಸಣ್ಣ ಕರೆಂಟ್ ಓವನ್) ತಗೊಂಡೆವು. ಆ ಡಿಸೆಂಬರ್‌ನಲ್ಲೇ ಜಾಮ್ ತುಂಬಿದ ಶಾರ್ಟ್‌ಬ್ರೆಡ್ ಕುಕ್ಕೀಸ್ ಶುರು ಮಾಡಿದೆ.

ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಶಾರ್ಟ್‌ಬ್ರೆಡ್ ಅಂದರೆ ಬಾಯಲ್ಲಿ ಪುಡಿಯಾಗುವ ಸ್ಕಾಟ್ಲೆಂಡಿನ ಬೆಣ್ಣೆ ಬಿಸ್ಕತ್ತು. ಮೊಟ್ಟೆ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ನಮ್ಮದು ಮೊಟ್ಟೆ ತಿನ್ನದ ಮನೆ, ಅತ್ತೆಯೂ ತಿನ್ನಬಹುದು. ತೂಕದ ಲೆಕ್ಕವೂ ಸುಲಭ: ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು. ಬೆಣ್ಣೆಯೇ ಮುಖ್ಯ ಅಂದಮೇಲೆ ದಾವಣಗೆರೆಯಲ್ಲಿ ಕೂತು ಪ್ಯಾಕೆಟ್ ಬಟರ್ ಯಾಕೆ ತರಬೇಕು ಅಲ್ವಾ? ದೋಸೆ ಮೇಲೆ ಹಾಕುವ ಅದೇ ಬಿಳಿ ಬೆಣ್ಣೆಯಲ್ಲಿ ಮಾಡಿದೆ.

ಮೊದಲ ಸಲ ಪೂರ್ತಿ ಕೆಟ್ಟಿತು. ಕುಕ್ಕೀಸ್ ಟ್ರೇ ತುಂಬ ಹರಡಿ ಒಂದಕ್ಕೊಂದು ಅಂಟಿಕೊಂಡವು, ಅಂಗಡಿ ಜಾಮ್ ಕುದಿದು ಹೊರಗೆ ಹರಿದು ಕಪ್ಪಾಯಿತು. ಆರಿದ ಮೇಲೆ ಕಚ್ಚಿದರೆ ಪುಡಿಯಾಗುವ ಬದಲು ಗಟ್ಟಿ, ಹಿಂದೆ ಸಣ್ಣಗೆ ಹುಳಿ ವಾಸನೆ ಬೇರೆ. ಅವತ್ತು ನಿಜವಾಗಲೂ ಬೇಜಾರಾಯಿತು, ತಟ್ಟೆಗೆ ಮತ್ತೆ ಬಾಳೆಹಣ್ಣೇ ಗತಿಯಾಯಿತು.

ಕಾರಣ ಹೇಳಿದ್ದು ಹಳ್ಳಿಯಿಂದ ನಮ್ಮ ಓಣಿಗೆ ಬೆಣ್ಣೆ ತರುವ ಅಜ್ಜಿ. ನಾನು ಸುಮ್ನೆ ಹೇಳಿಕೊಂಡೆ ಅಷ್ಟೇ. ಅವರು ಉಂಡೆಯನ್ನು ಕೈಯಲ್ಲಿ ಒತ್ತಿ ತೋರಿಸಿದರು. "ಅದ್ರಾಗ ಇನ್ನೂ ಮಜ್ಜಿಗಿ ಐತವ್ವ. ತುಪ್ಪ ಕಾಸಾಕಾದ್ರ ನಡೀತತಿ, ನಿನ್ನ ಬಿಸ್ಕೀಟಿಗೆ ಹೆಂಗ್ ನಡೀತತಿ?"

ಅಲ್ಲಿಗೆ ಎಲ್ಲ ತಿಳಿಯಿತು. ಪ್ಯಾಕೆಟ್ ಬೆಣ್ಣೆಯಲ್ಲಿ ನೂರಕ್ಕೆ 80 ಭಾಗವಾದರೂ ಜಿಡ್ಡು ಇದ್ದೇ ಇರುತ್ತದೆ. ಕಡೆದ ಬೆಣ್ಣೆಯಲ್ಲಿ ನೀರು ಎಷ್ಟಿದೆ ಅನ್ನುವುದು ತೊಳೆದು ಹಿಂಡಿದವರ ಕೈ ಮೇಲೆ ಹೋಗುತ್ತದೆ. ಬೆಣ್ಣೆಯ ಜಿಡ್ಡು ಮೈದಾಕ್ಕೆ ಹತ್ತಿದರೆ ಹಿಟ್ಟಿಗೆ ಜಿಗುಟು ಬರುವುದಿಲ್ಲ, ಅದಕ್ಕೇ ಬಾಯಲ್ಲಿ ಪುಡಿಪುಡಿ ಆಗುತ್ತದೆ. ನೀರು ಹತ್ತಿದರೆ ಚಪಾತಿ ಹಿಟ್ಟಿನ ಥರ ಜಿಗುಟು. ಹುಳಿ ವಾಸನೆ ಒಳಗೆ ಉಳಿದ ಮಜ್ಜಿಗೆಯದು.

ಈಗ ಹೀಗೆ ಮಾಡುತ್ತೇನೆ. ಹಿಂದಿನ ದಿನ ಸಂಜೆ ಬೆಣ್ಣೆಯನ್ನು ಫ್ರಿಜ್ ನೀರಿನಲ್ಲಿ ಎರಡು ಮೂರು ಸಲ ತೊಳೆಯುವುದು, ನೀರು ತಿಳಿಯಾಗುವ ತನಕ. ಆಮೇಲೆ ಅಗಲ ತಟ್ಟೆಯಲ್ಲಿ ಹಾಕಿ ಮರದ ಸೌಟಿನಿಂದ ಒತ್ತಿ ಒತ್ತಿ ಮಡಚುವುದು. ಮೊದಲು ಏನೂ ಕಾಣುವುದಿಲ್ಲ. ನಾಲ್ಕೈದು ಸಲ ಮಡಚಿದ ಮೇಲೆ ಬೆಣ್ಣೆಯ ಮೈಮೇಲೆ ಬೆವರಿನ ಥರ ಸಣ್ಣ ಸಣ್ಣ ಹನಿ ಏಳುತ್ತವೆ, ಕೂಡಿಕೊಂಡು ತಟ್ಟೆಯ ಅಂಚಿಗೆ ಇಳಿಯುತ್ತವೆ. ತಟ್ಟೆ ಓರೆ ಮಾಡಿ ಚೆಲ್ಲಿ, ಮತ್ತೆ ಒತ್ತುವುದು. ಹನಿ ನಿಂತ ಮೇಲೆ ತೆಳು ಕಾಟನ್ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ಗೆ. ಹೋದ ವರ್ಷ 250 ಗ್ರಾಂ ಬೆಣ್ಣೆ ಹಿಂಡಿದ ಮೇಲೆ 215 ಗ್ರಾಂ ಉಳಿಯಿತು. ಅದಕ್ಕೆ ತೂಕ ಯಾವಾಗಲೂ ಹಿಂಡಿದ ಮೇಲೆ ಮಾಡಬೇಕು, ಮೊದಲೇ ಅಲ್ಲ.

200 ಗ್ರಾಂ ಬೆಣ್ಣೆಗೆ 100 ಗ್ರಾಂ ಪುಡಿ ಸಕ್ಕರೆ, 260 ಗ್ರಾಂ ಮೈದಾ, 40 ಗ್ರಾಂ ಅಕ್ಕಿ ಹಿಟ್ಟು. ಅಕ್ಕಿ ಹಿಟ್ಟು ನನ್ನ ಕಂಡುಹಿಡಿತ ಅಲ್ಲ, ಸ್ಕಾಟ್ಲೆಂಡಿನವರೂ ಹಾಕುತ್ತಾರೆ, ಸಣ್ಣ ರವೆಯಂಥ ತರಿತರಿ ಹದ ಬರುತ್ತದೆ. ಬಿಳಿ ಬೆಣ್ಣೆಯಲ್ಲಿ ಉಪ್ಪಿಲ್ಲ, ಕಾಲು ಚಮಚ ಉಪ್ಪು ಮರೆಯಬೇಡಿ. ಬೆಣ್ಣೆ ಸಕ್ಕರೆ ಸೇರುವಷ್ಟು ಮಾತ್ರ ತಿರುವಿ, ಹಿಟ್ಟು ಹಾಕಿ ಬೆರಳ ತುದಿಯಲ್ಲಿ ಕೂಡಿಸುವುದು. ನಾದಲೇಬಾರದು. ಮುಷ್ಟಿ ಕಟ್ಟಿದರೆ ತಂಬಿಟ್ಟಿನ ಥರ ಉಂಡೆ ಆಗಬೇಕು, ಅಷ್ಟೇ ಹದ.

15 ಗ್ರಾಂನ ಉಂಡೆ ಮಾಡಿದರೆ ಸುಮಾರು 40 ಬರುತ್ತವೆ. ಕುಳಿ ಮಾಡಲು ಹೆಬ್ಬೆರಳಿಗಿಂತ ಲಟ್ಟಣಿಗೆಯ ತುದಿ ಒಳ್ಳೆಯದು, ಮೈದಾದಲ್ಲಿ ಅದ್ದಿ ಒತ್ತಿದರೆ ಅಂಚು ಬಿರಿಯುವುದು ಕಡಿಮೆ. ಟ್ರೇ ಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡಿ. ಡಿಸೆಂಬರ್‌ನಲ್ಲೂ ನಮ್ಮೂರ ಮಧ್ಯಾಹ್ನ ಬೆಣ್ಣೆ ಮೆತ್ತಗಾಗುವಷ್ಟು ಬಿಸಿಲು ಇರುತ್ತದೆ. ಮೊದಲ ಸಲ ಹರಡಿದ್ದಕ್ಕೆ ಮೆತ್ತನೆ ಉಂಡೆಯನ್ನು ಹಾಗೇ ಓವನ್‌ಗೆ ಇಟ್ಟಿದ್ದೂ ಒಂದು ಕಾರಣ.

ಜಾಮ್ ಪೇರಲದ್ದು, ಒಳಗೆ ಕೆಂಪಿರುವ ಹಣ್ಣು ಸಿಕ್ಕರೆ ಬಣ್ಣ ತಾನಾಗೇ ಬರುತ್ತದೆ. ಚಳಿಗಾಲದಲ್ಲಿ ಬೀದಿಬೀದಿಯಲ್ಲಿ ಪೇರಲ, ಅದರಲ್ಲಿ ಜಾಮ್ ಗಟ್ಟಿ ಮಾಡುವ ಪೆಕ್ಟಿನ್ ಅಂಶ ಜಾಸ್ತಿ, ಬೇರೇನೂ ಹಾಕದೆ ಗಟ್ಟಿಯಾಗುತ್ತದೆ. ಬೇಯಿಸಿ, ಬೀಜ ಹೋಗುವಂತೆ ಜರಡಿಯಲ್ಲಿ ಒತ್ತಿ, ತಿರುಳಿನ ಮುಕ್ಕಾಲು ತೂಕದ ಸಕ್ಕರೆ, ಒಂದು ನಿಂಬೆಹಣ್ಣಿನ ರಸ. ಫ್ರಿಜ್‌ನಲ್ಲಿಟ್ಟ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಿಂದ ದೂಡಿದರೆ ಮೇಲೆ ಸುಕ್ಕು ಬೀಳಬೇಕು. ಅಂಗಡಿ ಜಾಮ್ ಆದರೆ ಬಾಣಲೆಯಲ್ಲಿ ಐದು ನಿಮಿಷ ಕಾಯಿಸಿ ಗಟ್ಟಿ ಮಾಡಿಕೊಳ್ಳಿ.

ಮೊದಲೇ ಬಿಸಿ ಮಾಡಿದ ಓವನ್, 170 ಡಿಗ್ರಿ. ಹತ್ತು ನಿಮಿಷ ಖಾಲಿ ಕುಳಿಯಲ್ಲೇ ಬೇಯಬೇಕು. ಹೊರಗೆ ತೆಗೆದು, ಉಬ್ಬಿದ ಕುಳಿಯನ್ನು ಮತ್ತೆ ಮೆಲ್ಲಗೆ ಒತ್ತಿ, ಅರ್ಧ ಚಮಚ ಜಾಮ್ ಇಟ್ಟು ಇನ್ನೂ ಐದಾರು ನಿಮಿಷ. ಅಂಚು ಮಾತ್ರ ಹೊಂಬಣ್ಣಕ್ಕೆ ತಿರುಗಿದರೆ ಸಾಕು. ಬಿಸಿಯಲ್ಲಿ ಮುಟ್ಟಿದರೆ ಮುರಿಯುತ್ತವೆ, ಟ್ರೇಯಲ್ಲೇ ಹತ್ತು ನಿಮಿಷ ಬಿಡಿ.

ಹೋದ ಕ್ರಿಸ್ಮಸ್‌ಗೆ ತಟ್ಟೆ ತುಂಬಿ ಕಳಿಸಿದೆ. ಸಂಜೆಗೆ ಮಹಡಿ ಮನೆ ಆಂಟಿ ಇಳಿದು ಬಂದು, "ಇದಕ್ಕೆ ಯಾವ ಬೆಣ್ಣೆ ಹಾಕಿದ್ದೀಯಮ್ಮ?" ಅಂತ ಕೇಳಿದರು. ಬೆಣ್ಣೆ ಅಜ್ಜಿ ಬರುವ ದಿನ ಹೇಳಿದೆ. ಈ ಸಲ ಇಬ್ಬರಿಗೂ ಸೇರಿ ಎರಡು ಕೆಜಿ ಹೇಳಿಟ್ಟಿದ್ದೇವೆ, ಹಿಂಡುವ ಕೆಲಸ ನಮ್ಮ ಅಡಿಗೆಮನೆಯಲ್ಲಿ. ಒಂದು ಮಾತು ಬಿಟ್ಟೆ: ಜಾಮ್ ಇಟ್ಟವನ್ನು ಹಾಗೇ ಒಂದರ ಮೇಲೊಂದು ಪೇರಿಸಬೇಡಿ, ನಡುವೆ ಬಟರ್ ಪೇಪರ್ ಹಾಕಿ. ನಾಲ್ಕು ದಿನದ ಮೇಲೆ ಜಾಮ್‌ನ ಪಸೆಗೆ ಕುಳಿ ಮೆತ್ತಗಾಗುತ್ತದೆ.