ಅಂಟುವಾಳದ ಶವರ್ ಜೆಲ್: ಮನೆಯಲ್ಲೇ ಮಾಡಿ, ವಾರದೊಳಗೆ ಮುಗಿಸಿ

‘ಸಾವಯವ’, ‘ಗಿಡಮೂಲಿಕೆಯದು’ ಎಂದು ದೊಡ್ಡಕ್ಷರದಲ್ಲಿ ಬರೆದ ಶವರ್ ಜೆಲ್ ಬಾಟಲಿಯ ಹಿಂಬದಿ ಓದಿ ನೋಡಿ. ಪದಾರ್ಥಗಳ ಪಟ್ಟಿ ಸಾಮಾನ್ಯವಾಗಿ ನೀರಿನಿಂದಲೇ ಶುರು. ನೀರನ್ನು ಸಾವಯವದ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅದಕ್ಕೇ ಸಾವಯವ ಸೌಂದರ್ಯವರ್ಧಕಗಳಿಗಿರುವ ಯುರೋಪಿನ ಕಾಸ್ಮಾಸ್ ಮಾನದಂಡದಲ್ಲೂ, ಹಚ್ಚಿ ತೊಳೆದುಬಿಡುವ ಉತ್ಪನ್ನದ ಒಟ್ಟು ತೂಕದಲ್ಲಿ ಸಾವಯವ ಅಂಶ ಶೇ 10 ಇದ್ದರೆ ಸಾಕು (ಬೇರೆ ಷರತ್ತುಗಳೂ ಇವೆಯೆನ್ನಿ). ಕೊಳೆ ತೆಗೆಯುವುದು ಲೇಬಲ್ಲಿನ ಹೂವಲ್ಲ, ಕೋಕೊ ಗ್ಲುಕೋಸೈಡ್‌ನಂಥ ನೊರೆಕಾರಕ. ಅದೇ ಕೆಲಸವನ್ನು ಅಂಟುವಾಳದ ಸಿಪ್ಪೆಯಲ್ಲಿರುವ ಸಪೋನಿನ್ ಮಾಡುತ್ತದೆ.

ಗ್ರಂದಿಗೆ ಅಂಗಡಿಯಲ್ಲಿ ಅಂಟುವಾಳ ಕೊಳ್ಳುವಾಗ ಪುಡಿ ಬೇಡ, ಇಡೀ ಕಾಯಿ ಕೇಳಿ. ಪುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ, ಸೋಸುವುದೂ ಕಷ್ಟ. ಸಿಪ್ಪೆ ಸುಕ್ಕುಗಟ್ಟಿ, ಒತ್ತಿದರೆ ಬೆರಳಿಗೆ ತುಸು ಅಂಟಬೇಕು.

ಹದಿನೈದು ಕಾಯಿ ಒಡೆದು ಕರೀ ಬೀಜ ತೆಗೆಯಿರಿ. ಸಿಪ್ಪೆಯನ್ನು ಎರಡು ಲೋಟ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಪರಿಮಳ ಬೇಕಿದ್ದರೆ ಒಂದು ಹಿಡಿ ಲಾವಂಚದ ಬೇರನ್ನೂ ತೊಳೆದು ಜೊತೆಗೇ ಹಾಕಿ. ಬೆಳಿಗ್ಗೆ ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಇಪ್ಪತ್ತು ನಿಮಿಷ ಕುದಿಸಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಹಾಲಿಗಿಂತ ಬೇಗ ಉಕ್ಕಿ ಒಲೆಯನ್ನೆಲ್ಲ ನೊರೆ ಮಾಡುತ್ತದೆ. ಕುಕ್ಕರ್ ಅಂತೂ ಬೇಡವೇ ಬೇಡ. ಆರಿದ ಮೇಲೆ ಚೆನ್ನಾಗಿ ಹಿಸುಕಿ, ಬಟ್ಟೆಯಲ್ಲಿ ಸೋಸಿ. ಕಂದುಬಣ್ಣದ ನೀರು ಸಿಗುತ್ತದೆ.

ಇದು ನೀರಾಗಿಯೇ ಇದ್ದರೆ ಕೈಯಲ್ಲಿ ನಿಲ್ಲದು. ಜೆಲ್ ಆಗಲು ಅಗಸೆ ಬೇಕು. ಎರಡು ದೊಡ್ಡ ಚಮಚ ಅಗಸೆಬೀಜವನ್ನು ಎರಡು ಲೋಟ ನೀರಿಗೆ ಹಾಕಿ, ಕೈಯಾಡಿಸುತ್ತ ಕುದಿಸಿ. ಚಮಚ ಎತ್ತಿದಾಗ ಲೋಳೆ ದಾರದಂತೆ ಇಳಿಯತೊಡಗಿದರೆ ಹದ ಬಂತು. ತಡಮಾಡದೆ, ಬಿಸಿಯಿರುವಾಗಲೇ ಜಾಲರಿಯಲ್ಲಿ ಸೋಸಿ. ತಣಿಯಲು ಬಿಟ್ಟರೆ ಲೋಳೆ ಬೀಜಕ್ಕೇ ಕಚ್ಚಿಕೊಂಡು ಕೆಳಗಿಳಿಯುವುದಿಲ್ಲ.

ಎರಡು ಪಾಲು ಅಂಟುವಾಳದ ನೀರಿಗೆ ಒಂದು ಪಾಲು ಲೋಳೆ ಸೇರಿಸಿ, ನಿಧಾನವಾಗಿ ಕಲಸಿ. ಮಿಕ್ಸಿಗೆ ಹಾಕಿದರೆ ಜಾರಿನ ತುಂಬ ನೊರೆಯೇ. ಬಿಸಿನೀರಲ್ಲಿ ತೊಳೆದು ಒಣಗಿಸಿದ ಹ್ಯಾಂಡ್‌ವಾಶ್ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ.

ಒಂದು ವಾರ ಬಾಳುತ್ತದೆ, ಅಷ್ಟೆ. ಹುಳಿವಾಸನೆ ಬಂದರೆ ಚೆಲ್ಲಿಬಿಡಿ. ಅಂಗಡಿಯ ಜೆಲ್‌ಗೆ ಸೋಡಿಯಂ ಬೆಂಜೊಯೇಟ್‌ನಂಥ ಸಂರಕ್ಷಕ ಹಾಕುವುದು ಇದಕ್ಕೇ. ಪಟ್ಟಿಯಲ್ಲಿ ಅದರ ಹೆಸರು ಕಂಡರೆ ಬೆಚ್ಚಿಬೀಳಬೇಕಿಲ್ಲ. ನೀರಿರುವ ಜೆಲ್ ತಿಂಗಳುಗಟ್ಟಲೆ ಕೆಡದೆ ಇರುತ್ತದೆ, ಆದರೆ ಸಂರಕ್ಷಕ ಮಾತ್ರ ಇಲ್ಲ ಎಂದರೆ ನನಗಂತೂ ಅನುಮಾನವೇ.

ಮೊದಲ ಸಲ ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ಕಾಯಿರಿ. ಕಣ್ಣಿಗೆ ತಾಗಿದರೆ ವಿಪರೀತ ಉರಿ, ಹಾಗಾಗಿ ಮುಖಕ್ಕೆ, ಚಿಕ್ಕ ಮಕ್ಕಳಿಗೆ ಬೇಡ. ನೊರೆ ಅಂಗಡಿಯದರಷ್ಟು ಬರುವುದಿಲ್ಲ, ಆದರೂ ಬೆವರು, ಧೂಳು ಹೋಗುತ್ತವೆ. ಎಣ್ಣೆಸ್ನಾನಕ್ಕೆ ಮಾತ್ರ ಇದು ಸಾಲದು, ಅವತ್ತು ಕಡಲೆಹಿಟ್ಟೇ ಸರಿ.

ಹಿಂಡಿದ ಸಿಪ್ಪೆಯನ್ನು ಇನ್ನೊಮ್ಮೆ ಕುದಿಸಿದರೆ ಬೆಳ್ಳಿ ದೀಪ, ಕಾಲ್ಗೆಜ್ಜೆ ಉಜ್ಜಲು ಸಾಕಾಗುತ್ತದೆ. ಉಳಿದ ನೀರನ್ನು ಕೆರೆಗೋ ಮೀನಿನ ತೊಟ್ಟಿಗೋ ಸುರಿಯಬೇಡಿ, ಸಪೋನಿನ್ ಮೀನುಗಳಿಗೆ ವಿಷ.