ಟಿ ಕೋಶಕ್ಕೆ ಆಂಟಿಬಾಡಿ ಹಾಕುವ ಮೊದಲು ಅಳತೆ ನೋಡಿ

ನಮ್ಮ ಲ್ಯಾಬಿನ ಹುಡುಗಿಯೊಬ್ಬಳು ಖುಷಿಯಿಂದ ಓಡಿ ಬಂದು ಫ್ಲೋ ಮಷೀನಿನ (ಬಣ್ಣ ಕಟ್ಟಿದ ಆಂಟಿಬಾಡಿ ಅಂಟಿದ ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ಸ್ಕ್ರೀನ್ ತೋರಿಸಿದಳು. ಸುಮ್ಮನೆ ಇಟ್ಟಿದ್ದ ಟಿ ಕೋಶಗಳೂ (ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕೋಶಗಳು) ಸಿಡಿ25 ಪಾಸಿಟಿವ್ ಅಂತೆ! ಸಿಡಿ25 ಅಂದರೆ ಟಿ ಕೋಶ ಎಚ್ಚೆತ್ತಾಗ ಅದರ ಮೇಲ್ಮೈಯಲ್ಲಿ ಹೆಚ್ಚುವ ಪ್ರೋಟೀನ್. ಕೋಶ ಎಚ್ಚೆತ್ತಿರಲಿಲ್ಲ, ಆಂಟಿಬಾಡಿ ಜಾಸ್ತಿ ಆಗಿತ್ತು. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೋಶ ತೊಳೆಯಿರಿ, ಎಣಿಸಿ. ಟ್ಯೂಬಿಗೆ ಹತ್ತು ಲಕ್ಷ ಸಾಕು.

ಆಮೇಲೆ ಸತ್ತ ಕೋಶ ಗುರುತಿಸುವ ಬಣ್ಣ. ಸತ್ತ ಕೋಶಕ್ಕೆ ಯಾವ ಆಂಟಿಬಾಡಿ ಬೇಕಾದರೂ ಅಂಟಿಕೊಳ್ಳುತ್ತದೆ, ಹಾಗಾಗಿ ಈ ಹಂತ ಬಿಡಲೇಬೇಡಿ. ಪ್ರೋಟೀನಿನ ಅಮೈನ್ ಗುಂಪಿಗೆ ಅಂಟುವ ಬಣ್ಣವಾದರೆ ಬರೀ ಪಿಬಿಎಸ್‌ನಲ್ಲಿ (ಪ್ರೋಟೀನಿಲ್ಲದ ಉಪ್ಪಿನ ಬಫರ್) ಹಾಕಿ. ಸೀರಮ್ ಇದ್ದರೆ ಅದರ ಪ್ರೋಟೀನೇ ಬಣ್ಣವನ್ನೆಲ್ಲ ಕುಡಿದುಬಿಡುತ್ತದೆ. ತೊಳೆದು ಎಫ್‌ಸಿ ಬ್ಲಾಕ್ (ಆಂಟಿಬಾಡಿಯ ಬಾಲ ಕೋಶಕ್ಕೆ ಸುಮ್ಮನೆ ಅಂಟದಂತೆ ತಡೆಯುವ ದ್ರವ) ಹಾಕಿ, ಹತ್ತು ನಿಮಿಷ.

ಈಗ ಎಲ್ಲರೂ ಎಡವುವ ಜಾಗ. ಬಾಟಲಿ ಮೇಲೆ ಟೆಸ್ಟಿಗೆ 5 ಮೈಕ್ರೋಲೀಟರ್ ಎಂದಿದ್ದರೆ ಅದನ್ನು ಕಣ್ಣು ಮುಚ್ಚಿ ಹಾಕಬೇಡಿ, ನಿಮ್ಮ ಕೋಶದ ಮೇಲೆ ಒಮ್ಮೆ ಟೈಟ್ರೇಷನ್ ಮಾಡಿ, ಅಂದರೆ ಬೇರೆ ಬೇರೆ ಅಳತೆ ಹಾಕಿ ಸರಿಯಾದದ್ದನ್ನು ಹುಡುಕಿ. 8 ಟ್ಯೂಬು ಸಾಲಾಗಿಡಿ. ಮೊದಲನೆಯದಕ್ಕೆ 80 ಬಫರ್, 20 ಆಂಟಿಬಾಡಿ; ಉಳಿದ ಏಳಕ್ಕೆ 50 ಬಫರ್ (ಎಲ್ಲವೂ ಮೈಕ್ರೋಲೀಟರ್). ಮೊದಲನೆಯದರಿಂದ 50 ತೆಗೆದು ಎರಡನೆಯದಕ್ಕೆ, ಅಲ್ಲಿ ಚೆನ್ನಾಗಿ ಬೆರೆಸಿ 50 ಮೂರನೆಯದಕ್ಕೆ, ಹೀಗೆ ಕೊನೆಯವರೆಗೆ ಹೋಗಿ, ಪ್ರತಿ ಸಲ ಟಿಪ್ ಬದಲಿಸಿ, ಕೊನೆಯ 50 ಚೆಲ್ಲಿ. ಎಲ್ಲಕ್ಕೂ ಕೋಶವಿರುವ ದ್ರವ 50 ಮೈಕ್ರೋಲೀಟರ್ ಸೇರಿಸಿ. ಕೋಶದ ಸಂಖ್ಯೆ, ಒಟ್ಟು ಅಳತೆ, ಹೊತ್ತು ಎಲ್ಲದರಲ್ಲೂ ಒಂದೇ ಇರಬೇಕು. ಇಲ್ಲಿ ಹೆಚ್ಚುಕಮ್ಮಿ ಆದರೆ ಇಡೀ ದಿನದ ಕೆಲಸ ದಂಡ.

ಗ್ರಾಫ್ ನೋಡುವಾಗ ಹೆಚ್ಚು ಹೊಳೆಯುವ ಟ್ಯೂಬನ್ನು ಆರಿಸಬೇಡಿ. ಆಂಟಿಬಾಡಿ ಜಾಸ್ತಿಯಾದಂತೆ ನೆಗೆಟಿವ್ ಗುಡ್ಡವೂ (ಹುಡುಕುವ ಪ್ರೋಟೀನ್, ಅಂದರೆ ಮಾರ್ಕರ್, ಇಲ್ಲದ ಕೋಶಗಳ ಗುಂಪು) ಬಲಕ್ಕೆ ಸರಿಯುತ್ತದೆ, ಅಲ್ವಾ? ಎರಡು ಗುಡ್ಡಗಳ ನಡುವಿನ ಕಣಿವೆ ಎಲ್ಲಿ ಅತಿ ಅಗಲವೋ ಅದೇ ನಿಮ್ಮ ಅಳತೆ. ಟಿ ಕೋಶಗಳಲ್ಲೆಲ್ಲ ಇರುವ ಮಾರ್ಕರ್ ಸಿಡಿ3ಕ್ಕೆ ಮಾಮೂಲಿ ರಕ್ತದ ಕೋಶ ಸಾಕು. ಸಿಡಿ25ಕ್ಕೆ ಮಾತ್ರ ಒಂದೆರಡು ದಿನ ಉದ್ದೀಪಿಸಿದ ಕೋಶವನ್ನೇ ಬಳಸಿ, ಇಲ್ಲದಿದ್ದರೆ ಪಾಸಿಟಿವ್ ಗುಡ್ಡ ಸರಿಯಾಗಿ ಕಾಣುವುದೇ ಇಲ್ಲ. ಆಂಟಿಬಾಡಿಯ ಹೊಸ ಲಾಟ್ (ಬ್ಯಾಚ್) ಬಂದರೆ ಟೈಟ್ರೇಷನ್ ಮತ್ತೆ ಮಾಡಿ.

ಅಳತೆ ಸಿಕ್ಕ ಮೇಲೆ ಸುಲಭ: 4 ಡಿಗ್ರಿಯಲ್ಲಿ, ಕತ್ತಲಲ್ಲಿ, 30 ನಿಮಿಷ, ಎರಡು ಸಲ ತೊಳೆಯಿರಿ. ಸಿಸಿಆರ್7 ಎಂಬ ಮಾರ್ಕರ್‌ನ ಆಂಟಿಬಾಡಿ ಮಾತ್ರ 37 ಡಿಗ್ರಿಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ಪಿಇ-ಸೈ7 ತರಹದ ಜೋಡಿ ಬಣ್ಣಗಳನ್ನು (ಪಿಇ ಬಣ್ಣ ಬೆಳಕು ಹೀರಿ ಸೈ7 ಬಣ್ಣಕ್ಕೆ ದಾಟಿಸುತ್ತದೆ) ಫ್ರೀಜ್ ಮಾಡಬೇಡಿ, ಬೆಳಕಿಗೆ ಇಡಬೇಡಿ. ಜೋಡಿ ಮುರಿದರೆ ಅದು ಪಿಇ ಚಾನೆಲ್‌ನಲ್ಲಿ ಬೆಳಗುತ್ತದೆ, ನೀವು ಇಲ್ಲದ ಮಾರ್ಕರ್ ಕಂಡುಹಿಡಿದುಬಿಡುತ್ತೀರಿ. ಹಳೇ ಬಾಟಲಿ ಮೇಲೆ ಅನುಮಾನ ಬಂದರೆ ಎಸೆದುಬಿಡಿ.

ಪ್ರತಿ ಬಣ್ಣಕ್ಕೂ ಒಂಟಿ ಕಂಟ್ರೋಲ್ (ಅದೊಂದೇ ಬಣ್ಣ ಹಾಕಿದ ಟ್ಯೂಬು) ಬೇಕು. ಸಿಡಿ25ಕ್ಕೆ ಎಫ್‌ಎಂಒ ಕೂಡ ಬೇಕು, ಅಂದರೆ ಅದೊಂದನ್ನು ಬಿಟ್ಟು ಉಳಿದೆಲ್ಲ ಹಾಕಿದ ಟ್ಯೂಬು. ಪಾಸಿಟಿವ್, ನೆಗೆಟಿವ್ ಬೇರ್ಪಡಿಸುವ ಗೇಟ್ ಗೆರೆಯನ್ನು ಐಸೋಟೈಪ್ (ಮಾರ್ಕರ್‌ಗೆ ಅಂಟದ ಹೋಲಿಕೆಯ ಆಂಟಿಬಾಡಿ) ನೋಡಿ ಎಳೆಯಬೇಡಿ, ಎಫ್‌ಎಂಒ ನೋಡಿ ಎಳೆಯಿರಿ. ಒಂದಕ್ಕೊಂದು ಅಂಟಿಕೊಂಡ ಕೋಶಗಳನ್ನೂ ಗೇಟ್ ಹಾಕಿ ಹೊರಗಿಡಿ.

ಹೊತ್ತೂ ಮುಖ್ಯ. ಕೋಶ ಉದ್ದೀಪಿಸಿದಾಗ ಸಿಡಿ69 ಎಂಬ ಮಾರ್ಕರ್ ಕೆಲವೇ ಗಂಟೆಗಳಲ್ಲಿ ಏರುತ್ತದೆ, ಸಿಡಿ25 ನಿಧಾನ. ಪಿಎಂಎ (ಕೋಶ ಉದ್ದೀಪಿಸುವ ರಾಸಾಯನಿಕ) ಕೊಟ್ಟು ಸೈಟೊಕೈನ್ (ಕೋಶ ಬಿಡುವ ಸಂದೇಶದ ಪ್ರೋಟೀನ್) ನೋಡುವವರಿಗೆ ಇನ್ನೊಂದು ಮಾತು: ಪಿಎಂಎ ಕೊಟ್ಟರೆ ಕೋಶವು ಸಿಡಿ4 ಎಂಬ ಮಾರ್ಕರನ್ನು ಮೇಲ್ಮೈಯಿಂದ ಒಳಗೆ ಎಳೆದುಕೊಳ್ಳುತ್ತದೆ. ಸಿಡಿ4 ಮಾಯವಾಯಿತು ಅಂತ ಗಾಬರಿ ಬೀಳಬೇಡಿ, ಕೋಶದ ಪೊರೆಗೆ ತೂತು ಮಾಡಿದ ಮೇಲೆ ಸಿಡಿ4 ಆಂಟಿಬಾಡಿ ಹಾಕಿ.